ಲೈಟಿಗೆ ಟೋಪಿ ಹಾಕಿದ್ದು

2024ರ ಅಕ್ಟೋಬರ್. ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸಂಜೆ ಪಶ್ಚಿಮದಲ್ಲಿ ಬರಿಗಣ್ಣಿಗೇ ಕಾಣುತ್ತದೆ ಅಂತ ಎಲ್ಲ ಕಡೆ ಸುದ್ದಿ. ನಮ್ಮ ಮನೆ ಇರುವುದು ಶಿರಸಿಯಿಂದ ಪಶ್ಚಿಮಕ್ಕೆ, ತೋಟದ ಕಣಿವೆಯಲ್ಲಿ. ಪೇಟೆ ದೂರ, ಸುತ್ತ ಸೊಪ್ಪಿನ ಬೆಟ್ಟ. ನಮಗೆ ಕಾಣದೆ ಇನ್ಯಾರಿಗೆ ಕಾಣಬೇಕು ಅಂತ ಮೂರು ಸಂಜೆ ಅಂಗಳದಲ್ಲಿ ನಿಂತು ಕುತ್ತಿಗೆ ನೋಯಿಸಿಕೊಂಡೆ. ಏನೂ ಇಲ್ಲ.

ನಾಲ್ಕನೇ ದಿನ ಏಳೂಕಾಲಿಗೆ ಕರೆಂಟು ಹೋಯಿತು. ನಮ್ಮ ಕಡೆ ಅದೇನು ಸುದ್ದಿಯಲ್ಲ. ಅಮ್ಮ ಒಳಗಿಂದ ಬ್ಯಾಟರಿ ಎಲ್ಲಿ ಅಂತ ಕೂಗಿದಳು. ಹುಡುಕಿ ಕೊಟ್ಟು ಹೊರಗೆ ಬಂದೆ, ಹತ್ತು ನಿಮಿಷ ಆಗಿತ್ತೇನೋ. ಬೆಟ್ಟದ ಮೇಲೆ, ಸೀಮೆಸುಣ್ಣದಲ್ಲಿ ಗೀಚಿ ಅಂಗೈಯಲ್ಲಿ ಒರೆಸಿದ ಹಾಗೆ ಒಂದು ಬಾಲ. ಅಮ್ಮನನ್ನೂ ಕರೆದು ತೋರಿಸಿದೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಅಂಗಳದ ಮೂಲೆಯ ಫ್ಲಡ್‌ಲೈಟು ಭಗ್ ಅಂತ ಹೊತ್ತಿಕೊಂಡಿತು. ಬಾಲ ಮಾಯ.

ಆ ಲೈಟು ಹಾಕಿಸಿದ್ದು ನಾನೇ. 50 ವಾಟಿನ ಎಲ್‌ಇಡಿ, ಹಾಲಿನಂಥ ಬಿಳಿ ಬೆಳಕು. ಅಂಗಳದಲ್ಲಿ ಅಡಿಕೆ ಇರುವಾಗ ಕಳ್ಳರ ಹೆದರಿಕೆ, ತೋಟದಂಚಿಗೆ ಬರುವ ಹಂದಿಯ ಕಾಟ, ಎರಡಕ್ಕೂ ಆಯ್ತು ಅಂತ ಮಾಡಿನ ತುದಿಗೆ ಕೂರಿಸಿದ್ದೆ. ಕತ್ತಲಾದಾಗ ತಾನೇ ಹತ್ತಿ ಬೆಳಗಾದಾಗ ತಾನೇ ಆರುತ್ತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 12 ತಾಸು, ತಿಂಗಳಿಗೆ 18 ಯೂನಿಟ್. ಹಂದಿಯಂತೂ ಹದಿನೈದು ದಿನದಲ್ಲಿ ಆ ಬೆಳಕಿಗೆ ಒಗ್ಗಿಕೊಂಡು, ಅದರಲ್ಲೇ ನೆಲ ಬಗೆಯುತ್ತಿತ್ತು.

ಮರುದಿನ ರಾತ್ರಿ ಲೈಟು ಹಾಕಿಟ್ಟು ಅಂಗಳದಾಚೆ ಹೋಗಿ, ದೂರದಿಂದ ಮನೆಯನ್ನು ನೋಡಿದೆ. ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಬೆಳಕು ಬೇಕಾದದ್ದು ಅಂಗಳದ ನೆಲಕ್ಕೆ. ಬಿದ್ದದ್ದು ಎದುರಿನ ಬೆಟ್ಟದ ಮರಗಳ ತಲೆಯ ಮೇಲೆ, ಮಂಜಿನ ಮೇಲೆ, ನನ್ನ ಕಣ್ಣಿನ ಮೇಲೆ. ಲೈಟನ್ನು ಓರೆಯಾಗಿ ಕೂರಿಸಿದ್ದರಿಂದ ಅರ್ಧ ಬೆಳಕು ಸುಮ್ನೆ ಮೇಲೆ ಹೋಗುತ್ತಿತ್ತು. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಅಂಶ ಜಾಸ್ತಿ. ಹಗಲು ಆಕಾಶ ನೀಲಿ ಕಾಣುವುದು ಯಾಕೆ? ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುವುದರಿಂದ. ರಾತ್ರಿ ನಮ್ಮ ಲೈಟಿನದೂ ಅದೇ ಕತೆ. ಚದುರಿದ ಬೆಳಕು ಆಕಾಶಕ್ಕೆ ತೆಳು ಪರದೆ ಕಟ್ಟುತ್ತದೆ, ಮಂಕಾದ ನಕ್ಷತ್ರಗಳು ಮೊದಲು ಮುಳುಗುತ್ತವೆ.

ಆರಿಸಿಬಿಟ್ಟರೆ ಮುಗಿಯಿತಲ್ಲ ಅನ್ನಬಹುದು. ಇಲ್ಲೇ ನಮ್ಮ ಕಡೆಯ ತೊಡಕು ಇರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ನಕ್ಷತ್ರದ ಮಾತೇ ಇಲ್ಲ, ಮೋಡ. ಆಕಾಶ ತೊಳೆದಿಟ್ಟ ಹಾಗೆ ಸಿಗುವುದು ನವೆಂಬರ್‌ನಿಂದ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗುವುದೂ ಆಗಲೇ. ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ರಾತ್ರಿ ಹತ್ತು ಹನ್ನೊಂದರವರೆಗೆ ನಡೆಯುತ್ತದೆ. ಮನೆಮನೆಯಲ್ಲೂ ದೊಡ್ಡ ಲೈಟು. ಅಂದರೆ ವರ್ಷದ ಅತಿ ಒಳ್ಳೆಯ ಆಕಾಶದ ಕೆಳಗೆ ನಾವು ವರ್ಷದ ಅತಿ ಜೋರು ದೀಪ ಉರಿಸುತ್ತೇವೆ. ಕೆಲಸ ಬಿಡಲಿಕ್ಕೆ ಆಗುತ್ತದಾ?

ಹಾಗಾಗಿ ಮೊದಲು ಮಾಡಿದ್ದು ಲೈಟಿಗೆ ಟೋಪಿ ಹಾಕುವ ಕೆಲಸ. ಹಳೇ ಅರ್ಥದಲ್ಲಿ ಅಲ್ಲ, ನಿಜವಾಗಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಹಾಳೆ ಟೋಪಿಯ ಹಾಗೆಯೇ ಮಡಚಿ ಹೊಲಿದೆ. ಫ್ಲಡ್‌ಲೈಟು ತೆಗೆದು, ಅಲ್ಲಿ 9 ವಾಟಿನ ಬಲ್ಬು ನೇತುಹಾಕಿ ಮೇಲಿಂದ ಈ ಟೋಪಿ. ನೋಡಲಿಕ್ಕೆ ಚಂದ. ಬೆಳಕು ಕೆಳಗೆ ದುಂಡಗೆ ಬಿತ್ತು. ನಾಲ್ಕನೇ ದಿನಕ್ಕೆ ಹಾಳೆ ಒಣಗಿ ಒಂದು ಕಿವಿ ಮೇಲೆತ್ತಿತು. ಎಂಟನೇ ದಿನ ಇನ್ನೊಂದು ಕಿವಿ. ಇಬ್ಬನಿಗೆ ಬೂಸಲು ಬೇರೆ. ತಂಗಿಯ ಮಗ ಅದನ್ನು ಬಿಚ್ಚಿ ತಲೆಗೆ ಹಾಕಿಕೊಂಡು ಓಡಿದ ಮೇಲೆ ಆ ಯೋಜನೆ ಕೈಬಿಟ್ಟೆ.

ಆಮೇಲೆ ಕೈಗೆ ಬಂದದ್ದು ತೋಟದ ಪೈಪ್‌ಲೈನಿನಿಂದ ಉಳಿದ ನಾಲ್ಕಿಂಚಿನ ಪಿವಿಸಿ ತುಂಡು. ಒಂಬತ್ತಿಂಚು ಉದ್ದಕ್ಕೆ ಕತ್ತರಿಸಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಮೇಲೆ ಮುಚ್ಚಳ, ಮುಚ್ಚಳದ ನಡುವೆ ಹೋಲ್ಡರು. ಬಲ್ಬು ಪೈಪಿನ ಒಳಗೇ ಅಡಗಿರಬೇಕು, ಅಂಗಳದಂಚಿನಲ್ಲಿ ನಿಂತರೆ ಬಲ್ಬಿನ ಮೈ ಕಣ್ಣಿಗೆ ಕಾಣಬಾರದು. ಅಳತೆ ಇಷ್ಟೇ. ಮೊದಲನೆಯದರಲ್ಲಿ ಒಂದು ಪೆದ್ದತನ ಮಾಡಿದೆ. ಹುಳ ಹೋಗಬಾರದು ಅಂತ ಮುಚ್ಚಳವನ್ನು ಅಂಟು ಹಾಕಿ ಬಿಗಿಯಾಗಿ ಮುಚ್ಚಿದೆ. ಎರಡು ತಿಂಗಳಿಗೆ ಬಲ್ಬು ಸತ್ತಿತು. ಎಲ್‌ಇಡಿಗೂ ಬುಡದಲ್ಲಿ ಬಿಸಿ ಇರುತ್ತದೆ, ಅದು ಹೋಗಲಿಕ್ಕೆ ದಾರಿ ಬೇಕು. ಈಗ ಮುಚ್ಚಳದ ಕೆಳಗೆ ಸುತ್ತಲೂ ಆರು ತೂತು ಕೊರೆದಿದ್ದೇನೆ.

ಬಲ್ಬಿನ ಬಣ್ಣಕ್ಕೆ ಅಲೆದದ್ದು ಜಾಸ್ತಿ. ಡಬ್ಬಿಯ ಮೇಲೆ 6500ಕೆ ಅಂತ ಇದ್ದರೆ ಬಿಳಿ, 3000ಕೆ ಅಥವಾ 2700ಕೆ ಇದ್ದರೆ ಹಳದಿ. ಸಂಖ್ಯೆ ಕಡಿಮೆಯಾದಷ್ಟೂ ನೀಲಿ ಕಡಿಮೆ. ಪೇಟೆಯಲ್ಲಿ ಮೂರು ಅಂಗಡಿ ತಿರುಗಿದರೂ ಎಲ್ಲರದೂ ಬಿಳಿಯೇ. ಒಬ್ಬರು "ಹಳದಿ ಹೋಟೆಲಿನವರು ಕೇಳ್ತಾರೆ, ಮನೆಗೆ ಯಾರೂ ಒಯ್ಯೋದಿಲ್ಲ" ಅಂದರು. ಕೊನೆಗೆ ತರಿಸಿಕೊಂಡೆ.

ಸುಲಿಯಲು ಬಂದ ಹೆಂಗಸರು ಮೊದಲ ರಾತ್ರಿಯೇ ತಕರಾರು ತೆಗೆದರು. ಮೆಟ್ಟುಗತ್ತಿಯ ಮುಂದೆ ಕೂತವರೊಬ್ಬರು ಕೈಯಲ್ಲಿ ಎರಡು ಅಡಿಕೆ ಎತ್ತಿ ಹಿಡಿದು, "ಇದರಲ್ಲಿ ಹಣ್ಣು ಯಾವುದು, ಕಾಯಿ ಯಾವುದು, ನೀವೇ ಹೇಳಿ" ಅಂದರು. ನನಗೂ ಗೊತ್ತಾಗಲಿಲ್ಲ. ಹಳದಿ ಬೆಳಕಿನಲ್ಲಿ ಎರಡೂ ಒಂದೇ. ಅವರದೇ ಸರಿ. ಸುಲಿಯುವ ಜಾಗಕ್ಕೆ ಬಿಳಿ ಬಲ್ಬನ್ನೇ ಹಾಕಿದೆ. ಆದರೆ ಮಾಡಿನ ಒಳಗೆ, ಅವರ ತಲೆಯಿಂದ ಮೂರಡಿ ಮೇಲೆ, ಪೈಪಿನೊಳಗೆ. ಹತ್ತಿರದಿಂದ ಬಿದ್ದರೆ 12 ವಾಟು ಧಾರಾಳ ಸಾಕು. ಎದ್ದು ಹೋಗುವಾಗ ಆರಿಸುತ್ತಾರೆ. ಬರೀ ಹಳದಿ, ಬರೀ ಕತ್ತಲೆ ಅಂತ ಹಟ ಹಿಡಿದಿದ್ದರೆ ಮರುದಿನ ಸುಲಿಯಲು ಯಾರೂ ಬರುತ್ತಿರಲಿಲ್ಲ.

ರಾತ್ರಿ ಕಾವಲಿಗೆ ಯಾರಾದರೂ ಓಡಾಡಿದರೆ ಹತ್ತುವ ಸೆನ್ಸರ್ ಹಾಕಿದೆ. ಮೊದಲ ವಾರ ನಾಯಿ ಬಂದರೆ ಹತ್ತಿತು, ಬೆಕ್ಕು ಬಂದರೆ ಹತ್ತಿತು. ಅದನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ನಾಯಿಯ ಎತ್ತರ ತಪ್ಪಿಸಿದೆ. ಹಲ್ಲಿಗೆ ಮಾತ್ರ ಔಷಧಿ ಇಲ್ಲ. ಸೆನ್ಸರಿನ ಬಿಳಿ ಗುಮ್ಮಟದ ಮೇಲೇ ಓಡಾಡಿ ಲೈಟು ಹತ್ತಿಸಿಕೊಂಡು, ಬಂದ ಹುಳ ಹಿಡಿಯುತ್ತದೆ. ನನಗಿಂತ ಅದಕ್ಕೇ ಚೆನ್ನಾಗಿ ಬಳಸಲು ಬರುತ್ತದೆ.

ನಮ್ಮ ಅಂಗಳ ಸರಿಯಾದ ಮೇಲೆ ಉಳಿದದ್ದು ಪಕ್ಕದ ಮನೆ. ಅವರದು ನಮ್ಮ ಹಳೆಯದಕ್ಕಿಂತ ದೊಡ್ಡದು. ನಾನು ಹೋಗಿ ನಕ್ಷತ್ರ, ಆಕಾಶಗಂಗೆ ಅಂತೆಲ್ಲ ಶುರುಮಾಡಿದೆ. "ನಿಂಗೆ ನಕ್ಷತ್ರ ಕಾಣಲಿ ಅಂತ ನಾನು ಅಡಿಕೆ ಕಳಕೊಳ್ಳಬೇಕಾ ಮಾರಾಯಾ?" ಅಂದರು. ಬಾಯಿ ಮುಚ್ಚಿಕೊಂಡು ಬಂದೆ.

ಎರಡನೇ ಸಲ ಹೋದಾಗ ನಕ್ಷತ್ರದ ಸುದ್ದಿ ಎತ್ತಲಿಲ್ಲ. ಅವರನ್ನು ಜಗಲಿಯ ಮೇಲೆ ನಿಲ್ಲಿಸಿ, ನಾನು ಅವರ ಲೈಟಿನ ಕಂಬದಾಚೆ, ಗೊಬ್ಬರಗುಂಡಿಯ ಹತ್ತಿರ ಹೋಗಿ ನಿಂತೆ. "ಕಾಣ್ತೇನಾ?" ಅಂತ ಕೂಗಿದೆ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಗ್ಗಿ, ಎದ್ದು ನೋಡಿದರು. ಕಾಣಲಿಲ್ಲ. ನಾನು ನಿಂತದ್ದು ಹದಿನೈದು ಹೆಜ್ಜೆ ದೂರದಲ್ಲಿ. ಜೋರು ಬೆಳಕು ಕಣ್ಣಿಗೆ ಹೊಡೆದರೆ ಅದರ ಹಿಂದೆ ಇರುವುದೆಲ್ಲ ಕಪ್ಪು. ಲೈಟು ಕಾಯುತ್ತಿದ್ದದ್ದು ಕಳ್ಳನನ್ನೇ. ಅವರು ಮಾತಾಡದೆ ಒಳಗೆ ಹೋಗಿ ಏಣಿ ತಂದರು. ಅವರ ಲೈಟು ಬದಲಾಯಿಸಲಿಲ್ಲ, ಮುಖವನ್ನು ನೆಲಕ್ಕೆ ತಿರುಗಿಸಿದೆವು ಅಷ್ಟೇ. ಅದಾದ ಮೇಲೆ ನಾನು ಯಾರ ಹತ್ತಿರವೂ "ಆರಿಸಿ" ಅನ್ನುವುದಿಲ್ಲ, "ತಗ್ಗಿಸಿ" ಅನ್ನುತ್ತೇನೆ. ಹೀಗೆ ನಮ್ಮ ಕೇರಿಯ ಏಳು ಮನೆಗಳಲ್ಲಿ ಐದರದ್ದು ತಗ್ಗಿತು. ತಿರುವಿನ ಬೀದಿದೀಪ ಆಕಾಶಕ್ಕೆ ಮುಖ ಮಾಡಿತ್ತು. ಬಲ್ಬು ಹಾಕಲು ಬಂದವರಿಗೆ ಚಾ ಕೊಟ್ಟು, ಅದರ ಕತ್ತನ್ನೂ ಬಗ್ಗಿಸಿಕೊಂಡೆ.

ಹೊನ್ನಾವರದ ಕಾಸರಕೋಡಿನ ಕಡೆ ಹೋದಾಗ ಇದೇ ಮಾತು ಬೇರೆ ರೂಪದಲ್ಲಿ ಸಿಕ್ಕಿತು. ಅಲ್ಲಿ ಆಲಿವ್ ರಿಡ್ಲೆ ಆಮೆಗಳು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ರಾತ್ರಿ ಹೊರಬಂದು, ಬೆಳಕು ಹೆಚ್ಚಿರುವ ಕಡೆಗೆ ಹರಿದಾಡುತ್ತವೆ. ಸಹಜವಾಗಿ ಅದು ಸಮುದ್ರವೇ ಆಗಿರಬೇಕು. ದಂಡೆಯಲ್ಲಿ ಲೈಟಿದ್ದರೆ ರಸ್ತೆ ಕಡೆ ತಿರುಗುತ್ತವೆ. ಅಲ್ಲೂ ಬೇಕಾದದ್ದು ಮರಳಿನಿಂದ ಬಲ್ಬು ಕಾಣದ ಹಾಗೆ ಮರೆ, ಮತ್ತು ಬಿಳಿಯ ಬದಲು ಕಿತ್ತಳೆ ಬೆಳಕು.

ಫಲ ಸಿಕ್ಕಿತಾ ಅಂತ ಕೇಳಿದರೆ, ನಾನು ಕೃತ್ತಿಕೆ ಎಣಿಸುತ್ತೇನೆ. ಡಿಸೆಂಬರ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ ನೆತ್ತಿಯ ಮೇಲಿರುತ್ತದೆ. ಎಣಿಸುವ ಮೊದಲು ಇಪ್ಪತ್ತು ನಿಮಿಷವಾದರೂ ಕತ್ತಲಲ್ಲಿ ಕೂರಬೇಕು, ಮೊಬೈಲ್ ಮುಟ್ಟಬಾರದು. ಫ್ಲಡ್‌ಲೈಟಿನ ಕಾಲದಲ್ಲಿ ಒಂದು ಮಬ್ಬು ಗಂಟು, ಅದರಲ್ಲಿ ನಾಲ್ಕು. ಈಗ ಆರು ಸಲೀಸು, ಒಳ್ಳೆಯ ರಾತ್ರಿ ಏಳು. 2025ರ ಏಪ್ರಿಲ್ ಅಮಾವಾಸ್ಯೆಯ ಆಸುಪಾಸಿನಲ್ಲಿ ರಾತ್ರಿ 11ಕ್ಕೆ, ದಕ್ಷಿಣದಲ್ಲಿ ಅಡಿಕೆ ಮರಗಳ ತಲೆಯ ಮೇಲೆ ತ್ರಿಶಂಕು ನಕ್ಷತ್ರಪುಂಜ ಕಂಡಿತು. ಅದರ ಎಡಕ್ಕೆ, ಇನ್ನೂ ಎತ್ತರದಲ್ಲಿ ಹತ್ತಿಯ ಎಳೆಯಂಥ ಒಂದು ಚುಕ್ಕೆ. ಒಮೆಗಾ ಸೆಂಟಾರಿ, ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ 1 ಕೋಟಿಯಷ್ಟು ನಕ್ಷತ್ರಗಳ ಗುಂಪು. ತೀರಾ ಉತ್ತರದ ದೇಶಗಳವರಿಗೆ ಇದು ಕಾಣುವುದೇ ಇಲ್ಲ. ನಮ್ಮ ಅಂಗಳದಿಂದ ಕಾಣುತ್ತದೆ.

ಮೇ ಕೊನೆಗೆ ಬಾವಿಯ ಹತ್ತಿರ ಮಿಂಚುಹುಳ ಬಂದವು. ಮಿಣುಕಿಯೇ ಜೊತೆ ಹುಡುಕುವ ಹುಳ ಅದು, ಬೆಳಕಿದ್ದಲ್ಲಿ ಅದರ ಸನ್ನೆ ಯಾರಿಗೂ ಕಾಣುವುದಿಲ್ಲ. ಒಂದು ವರ್ಷ ನೋಡಿ ನನ್ನಿಂದಲೇ ಬಂದವು ಅಂದರೆ ಬಡಾಯಿಯಾದೀತು.

ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಮಾಡಿದರು. ದೊಡ್ಡ ದೂರದರ್ಶಕಗಳಿರುವ ಜಾಗ ಅದು. ನಮ್ಮದು ಹಾಗಲ್ಲ. ಪೂರ್ವಕ್ಕೆ ನೋಡಿದರೆ ಶಿರಸಿ ಪೇಟೆಯ ಬೆಳಕು ಬೆಟ್ಟದ ಹಿಂದೆ ಹಾಲು ಚೆಲ್ಲಿದ ಹಾಗೆ ನಿಂತಿರುತ್ತದೆ, ಮಾರಿಕಾಂಬಾ ಜಾತ್ರೆಯ ವರ್ಷ ಇನ್ನೂ ಎತ್ತರಕ್ಕೆ. ಅದಕ್ಕೆ ಟೋಪಿ ಹಾಕುವಷ್ಟು ದೊಡ್ಡ ಪೈಪು ನನ್ನ ಹತ್ತಿರ ಇಲ್ಲ. ಕೇರಿಯಲ್ಲಿ ಉಳಿದ ಎರಡು ಮನೆಗಳಲ್ಲಿ ಒಂದರವರು ಮೊನ್ನೆ ತಾವಾಗಿಯೇ ಬಂದು, ಕೊನೆಕೊಯ್ಲಿನ ಮೊದಲು ತಮಗೂ ಒಂದು ಮಾಡಿಕೊಡು ಅಂದಿದ್ದಾರೆ. ನಾಲ್ಕಿಂಚಿನ ತುಂಡು ಇನ್ನೊಂದೇ ಉಳಿದಿದೆ. ಅದರ ತುದಿ ಒಡೆದಿದೆ, ಏಳಿಂಚಿಗೇ ಕತ್ತರಿಸಬೇಕು.