ಆಪ್ಷನ್ ಎಂಟ್ರಿಗೆ ಮೊದಲು: ಹೆಸರು ಕೇಳದ ಒಳ್ಳೆ ಕಾಲೇಜು ಹುಡುಕುವುದು ಹೇಗೆ?

2024 ಮತ್ತು 2025, ಎರಡೂ ವರ್ಷ ದ್ವಿತೀಯ ಪಿಯು ಫಲಿತಾಂಶದಲ್ಲಿ ರಾಜ್ಯದ ಮೊದಲೆರಡು ಸ್ಥಾನ ದಕ್ಷಿಣ ಕನ್ನಡ ಮತ್ತು ಉಡುಪಿಯ ಪಾಲಾಗಿತ್ತು. 2025ರಲ್ಲಿ ಉಡುಪಿ ಶೇ 93.90, ದಕ್ಷಿಣ ಕನ್ನಡ ಶೇ 93.57. ಇಷ್ಟು ಚೆನ್ನಾಗಿ ಪಾಸಾದ ಮಕ್ಕಳು ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಕೊಡುವ ಹೊತ್ತಿಗೆ ಏನು ಮಾಡುತ್ತಾರೆ? ಅದೇ ಐದಾರು ಕಾಲೇಜು, ಅದೇ ಕಂಪ್ಯೂಟರ್ ಸೈನ್ಸ್. ಪಕ್ಕದ ಮನೆ ಹುಡುಗ ಎಲ್ಲಿ ಸೇರಿದ, ಮಾವನ ಮಗಳು ಎಲ್ಲಿ ಓದುತ್ತಿದ್ದಾಳೆ, ಪಟ್ಟಿ ಅಲ್ಲಿಗೆ ಮುಗಿಯಿತು. ಮೊದಲ ಸುತ್ತಿನಲ್ಲಿ ಸೀಟು ಸಿಗದಿದ್ದರೆ ಗಾಬರಿಬಿದ್ದು ಮ್ಯಾನೇಜ್‌ಮೆಂಟ್ ಸೀಟಿನ ರೇಟು ವಿಚಾರಿಸಲು ಶುರು.

ಪಟ್ಟಿ ಇನ್ನೂ ಸ್ವಲ್ಪ ಉದ್ದ ಇರಬಹುದಿತ್ತು, ಅಲ್ವಾ? ಹೆಚ್ಚು ಜನ ಮಾತಾಡದ, ಆದರೆ ಪಾಠ ಸರಿಯಾಗಿ ನಡೆಯುವ ಕಾಲೇಜುಗಳು ಇದ್ದೇ ಇವೆ. ಅವನ್ನು ಹುಡುಕಲು ಏಜೆಂಟರು ಬೇಕಾಗಿಲ್ಲ. ಬೇಕಾದ ಕಾಗದಪತ್ರ ಎಲ್ಲ ಸಾರ್ವಜನಿಕವಾಗಿಯೇ ಸಿಗುತ್ತದೆ. ಎರಡು ಭಾನುವಾರ ಕೂತು ಓದುವ ತಾಳ್ಮೆ ಇದ್ದರೆ ಸಾಕು.

ಕಟ್‌ಆಫ್ ಪಟ್ಟಿ ತೆರೆಯಿರಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಾವೆಲ್ಲ ಕೆಇಎ ಅನ್ನುವುದು, ಪ್ರತಿ ಸುತ್ತಿನ ಕಟ್‌ಆಫ್ (ಸೀಟು ಸಿಕ್ಕ ಕೊನೆಯವರ) ರ‍್ಯಾಂಕನ್ನು ತನ್ನ ವೆಬ್‌ಸೈಟಿನಲ್ಲಿ ಪಿಡಿಎಫ್ ಮಾಡಿ ಹಾಕುತ್ತದೆ. ಕಾಲೇಜಿಗೆ ಒಂದು ಕೋಡ್. ಅದರ ಕೆಳಗೆ ಸಾಲು ಸಾಲಾಗಿ ಬ್ರಾಂಚ್. ಅಡ್ಡಕ್ಕೆ ಕೆಟಗರಿ: 1ಜಿ, 2ಎಜಿ, 3ಬಿಜಿ, ಜಿಎಂ (ಸಾಮಾನ್ಯ ವರ್ಗ), ಎಸ್‌ಸಿಜಿ, ಎಸ್‌ಟಿಜಿ ಇತ್ಯಾದಿ. ಕೊನೆಗೆ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟು ಮೀಸಲು. ಬೆಳ್ತಂಗಡಿ, ಸುಳ್ಯ, ಬೈಂದೂರು ಕಡೆಯ ಹಳ್ಳಿಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ಪ್ರಮಾಣಪತ್ರ ಬೇಕು. ಅದನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಹಿಂದಿನ ಮೂರು ವರ್ಷದ ಪಟ್ಟಿ ಇಳಿಸಿಕೊಳ್ಳಿ. ಒಂದೇ ವರ್ಷದ್ದು ನೋಡಿದರೆ ಮೋಸ ಹೋಗುತ್ತೀರಿ. ಮೊದಲ ಸುತ್ತಿನದೂ ಕೊನೆಯ ಸುತ್ತಿನದೂ ಎರಡೂ ಬೇಕು, ಯಾಕೆಂದರೆ ಎರಡರ ನಡುವೆ ರ‍್ಯಾಂಕ್ ಸಾವಿರಗಟ್ಟಲೆ ಜಾರುವುದುಂಟು. ನಿಮ್ಮ ರ‍್ಯಾಂಕ್ 45,000 ಅಂದುಕೊಳ್ಳೋಣ. ನಿಮ್ಮ ಕೆಟಗರಿಯಲ್ಲಿ 30,000ದಿಂದ 80,000ದೊಳಗೆ ಮುಗಿದ ಎಲ್ಲ ಕಾಲೇಜನ್ನೂ ಬ್ರಾಂಚ್ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಕಾಲೇಜಿನ ಹೆಸರು ಗೊತ್ತಿಲ್ಲ ಅಂತ ಯಾವುದನ್ನೂ ಬಿಡಬೇಡಿ. ಗೊತ್ತಿಲ್ಲದ್ದನ್ನೇ ಅಲ್ವಾ ನಾವು ಹುಡುಕುತ್ತಿರುವುದು.

ಸಡಿಲ ಕಟ್‌ಆಫ್‌ಗೆ ಕಾರಣ ಕೇಳಿ

ಈ ಹಂತದಲ್ಲಿ ಅವಸರ ಬೇಡ, ಮುಖ್ಯವಾದ ಕೆಲಸ ಇಲ್ಲೇ ಇರುವುದು. ಎಷ್ಟು ಜನ ಆ ಸೀಟಿಗೆ ಮುಗಿಬಿದ್ದರು ಅನ್ನುವುದಷ್ಟೇ ಕಟ್‌ಆಫ್‌ನಿಂದ ತಿಳಿಯುತ್ತದೆ. ಒಳಗೆ ಪಾಠ ಹೇಗಿದೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಕಟ್‌ಆಫ್ ಸಡಿಲ ಇರುವ ಪ್ರತಿ ಕಾಲೇಜಿನ ಮುಂದೆ ‘ಯಾಕೆ?’ ಅಂತ ಬರೆಯಿರಿ.

ಕೆಲವು ಕಡೆ ಕಾರಣ ದೂರ, ಅಷ್ಟೇ. ಕುಂದಾಪುರದ ಮೂಡ್ಲಕಟ್ಟೆ, ಶಿರ್ವದ ಹತ್ತಿರದ ಬಂಟಕಲ್, ಪುತ್ತೂರು, ಸುಳ್ಯದ ಎಂಜಿನಿಯರಿಂಗ್ ಕಾಲೇಜುಗಳ ಹೆಸರು ಹೇಳಿದರೆ ಬೆಂಗಳೂರಿನವರು ‘ಅದೆಲ್ಲಿ?’ ಅನ್ನುತ್ತಾರೆ. ನಮ್ಮವರು ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವುದೇ ದೊಡ್ಡದು ಅಂದುಕೊಂಡಿರುತ್ತಾರೆ. ಇವೆಲ್ಲ ಒಳ್ಳೆಯವು ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಪರೀಕ್ಷಿಸಿ ನೋಡಬೇಕಾದ ಪಟ್ಟಿಯಲ್ಲಿ ಇರಲಿ ಅನ್ನುತ್ತಿದ್ದೇನೆ.

ಇನ್ನು ಕೆಲವು ಕಡೆ ಬ್ರಾಂಚಿಗೆ ಬೇಡಿಕೆ ಇಲ್ಲ. ಇದು ವಿದ್ಯಾರ್ಥಿಗೆ ಸಿಗುವ ಅತ್ಯುತ್ತಮ ಅವಕಾಶ ಅಂತ ನನ್ನ ಅನಿಸಿಕೆ. ಹಳೆಯ, ಗಟ್ಟಿ ಕಾಲೇಜಿನಲ್ಲಿ ಸಿವಿಲ್ ಅಥವಾ ಮೆಕ್ಯಾನಿಕಲ್ ಮುಗಿಯುವ ರ‍್ಯಾಂಕ್, ನಿನ್ನೆ ಮೊನ್ನೆ ಶುರುವಾದ ಕಾಲೇಜಿನ ಕಂಪ್ಯೂಟರ್ ಸೈನ್ಸಿಗಿಂತ ಎಷ್ಟೋ ಸಡಿಲ ಇರುತ್ತದೆ. ಸುರತ್ಕಲ್‌ನ ಎನ್‌ಐಟಿಕೆ, ಅಂದರೆ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯದ್ದೂ ಇದೇ ಕತೆ. ಅಲ್ಲಿ ಮೈನಿಂಗ್ ಮತ್ತು ಮೆಟಲರ್ಜಿ ಬ್ರಾಂಚುಗಳಿವೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ತವರು ರಾಜ್ಯದ ಮಕ್ಕಳಿಗೆ. ಜೆಇಇ ಮೇನ್ ಬರೆದು ‘ಕಂಪ್ಯೂಟರ್ ಸಿಗುವುದಿಲ್ಲ’ ಅಂತ ಎನ್‌ಐಟಿಕೆಯನ್ನೇ ಕೈಬಿಡುವವರು, ಎನ್‌ಐಟಿ ಸೀಟು ಹಂಚುವ ಜೋಸಾ ಪ್ರಕಟಿಸುವ ಕೊನೆಯ ರ‍್ಯಾಂಕ್ ಪಟ್ಟಿಯಲ್ಲಿ ‘ಹೋಮ್ ಸ್ಟೇಟ್’ ಸಾಲನ್ನು ಒಮ್ಮೆ ನೋಡಲಿ.

ಇನ್ನು, ಕೋರ್ಸ್ ಇದೆ ಅಂತಲೇ ಜನರಿಗೆ ಗೊತ್ತಿರುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು ನೋಡಿ. 1969ರಲ್ಲಿ ಶುರುವಾಗಿದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಈಗ ಬೀದರ್‌ನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. 4 ವರ್ಷದ ಬಿಎಫ್‌ಎಸ್‌ಸಿ ಪದವಿ, ಸಿಇಟಿ ಮೂಲಕವೇ ಸೀಟು. ಕೃಷಿಕ ಕುಟುಂಬದವರಿಗೆ ಪ್ರತ್ಯೇಕ ಕೋಟಾ ಇದೆ. ಪಿಸಿಎಂಬಿ ಓದಿ, ನೀಟ್‌ನಲ್ಲಿ ಸೀಟು ಬರಲಿಲ್ಲ ಅಂತ ಮನೆಯಲ್ಲಿ ಬೇಸರದಲ್ಲಿ ಕೂತಿರುವ ಎಷ್ಟು ಮಕ್ಕಳಿಗೆ ಇದು ಗೊತ್ತು? ಬೆಳಗ್ಗೆ ಎದ್ದು ಬಂದರಿನ ಮೀನು ತಿನ್ನುವ ಊರಿನಲ್ಲಿ, ಆ ಮೀನನ್ನೇ ಓದುವ ಕಾಲೇಜು ಯಾರ ಪಟ್ಟಿಯಲ್ಲೂ ಇರುವುದಿಲ್ಲ ಮಾರಾಯ್ರೆ.

ಕೊನೆಯ ಕಾರಣ ಕೆಟ್ಟದ್ದು: ಅಲ್ಲಿ ನಿಜವಾಗಿಯೂ ಪಾಠ ಸರಿಯಿಲ್ಲ. ಮೇಷ್ಟ್ರು ಪ್ರತಿ ಸೆಮಿಸ್ಟರಿಗೆ ಬದಲಾಗುತ್ತಾರೆ, ಲ್ಯಾಬ್‌ಗೆ ಬೀಗ. ದೂರ ಅಂತಲೋ ಬೇಡಿಕೆ ಇಲ್ಲ ಅಂತಲೋ ಸಡಿಲವಾದದ್ದನ್ನು ಇಟ್ಟುಕೊಂಡು, ಇದನ್ನು ಮಾತ್ರ ಬೇರ್ಪಡಿಸಬೇಕು. ಅದಕ್ಕೆ ಮುಂದಿನ ಕೆಲಸ.

ಕಾಗದ ಓದಿ, ಬ್ರೋಷರ್ ಬದಿಗಿಡಿ

ಇಪ್ಪತ್ತು ಬಂಗುಡೆ ತಗೊಳ್ಳುವಾಗ ಕಿವಿರು ಎತ್ತಿ ನೋಡುವ ನಾವು, ನಾಲ್ಕು ವರ್ಷದ ಫೀಸನ್ನು ಬಣ್ಣದ ಬ್ರೋಷರ್ ನೋಡಿ ಕಟ್ಟಿಬಿಡುತ್ತೇವೆ. ಎತ್ತಿ ನೋಡಬೇಕಾದ್ದು ಕಾಲೇಜಿನ ವೆಬ್‌ಸೈಟಿನ ಮೂಲೆಯಲ್ಲಿ ‘ಎನ್‌ಐಆರ್‌ಎಫ್’ ಅಂತ ಇರುವ ಕೊಂಡಿಯನ್ನು.

ಎನ್‌ಐಆರ್‌ಎಫ್ ಅಂದರೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್, 2016ರಿಂದ ಬರುತ್ತಿದೆ. ಅದರಲ್ಲಿ ಕಾಲೇಜಿಗೆ ಎಷ್ಟನೇ ಸ್ಥಾನ ಬಂತು ಅನ್ನುವುದು ನಮಗೆ ಅಷ್ಟು ಮುಖ್ಯವಲ್ಲ. ಸ್ಥಾನ ಬರಲಿ ಬಿಡಲಿ, ಭಾಗವಹಿಸಿದ ಕಾಲೇಜು ತಾನು ಕೊಟ್ಟ ಅಂಕಿಅಂಶವನ್ನು ತನ್ನ ಸೈಟಿನಲ್ಲಿ ಹಾಕಬೇಕು. ಆ ಪಿಡಿಎಫ್‌ನಲ್ಲಿ ‘ಪ್ಲೇಸ್‌ಮೆಂಟ್ ಆ್ಯಂಡ್ ಹೈಯರ್ ಸ್ಟಡೀಸ್’ ಅಂತ ಒಂದು ಕೋಷ್ಟಕ ಇರುತ್ತದೆ. ಮೊದಲ ವರ್ಷ ಎಷ್ಟು ಜನ ಸೇರಿದರು, ಲ್ಯಾಟರಲ್ ಎಂಟ್ರಿಯಲ್ಲಿ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ) ಎಷ್ಟು ಜನ ಬಂದರು, ಸರಿಯಾದ ಅವಧಿಯಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು, ಎಲ್ಲ ಒಂದೇ ಸಾಲಿನಲ್ಲಿ. ಸಂಬಳವನ್ನು ಅಕ್ಷರದಲ್ಲೂ ಬರೆದಿರುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಾಲೇಜಿನಲ್ಲಿ ಒಟ್ಟು 120 ಜನ ಸೇರಿ, 96 ಜನ ಸಮಯಕ್ಕೆ ಮುಗಿಸಿ, 60 ಜನಕ್ಕೆ ಕೆಲಸ ಸಿಕ್ಕಿ, 12 ಜನ ಎಂಟೆಕ್ಕೋ ಎಂಬಿಎಯೋ ಸೇರಿದರು ಅಂತಿಟ್ಟುಕೊಳ್ಳಿ. ಮುಗಿಸಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ದಡ ಸೇರಿದ ಹಾಗಾಯಿತು. ಪರವಾಗಿಲ್ಲ. ಆದರೆ 24 ಜನ ಸಮಯಕ್ಕೆ ಮುಗಿಸಲೇ ಇಲ್ಲ. ಬ್ರೋಷರಿನಲ್ಲಿ ಆ 24 ಜನ ಎಲ್ಲೂ ಕಾಣಿಸುವುದಿಲ್ಲ. ‘ಗರಿಷ್ಠ ಪ್ಯಾಕೇಜ್’ ಅಂತ ಹೆದ್ದಾರಿ ಬದಿಯ ಫ್ಲೆಕ್ಸ್‌ನಲ್ಲಿ ಇರುವ ಮೊತ್ತ ಒಬ್ಬನದು. ಮೀಡಿಯನ್ ಅಂದರೆ ಎಲ್ಲರ ಸಂಬಳವನ್ನು ಸಾಲಾಗಿ ಬರೆದರೆ ನಟ್ಟನಡುವೆ ಬರುವುದು. ನಿಮ್ಮ ಮಗಳ ಸಂಬಳ ಇದರ ಆಸುಪಾಸಿನಲ್ಲಿ ಇರುವ ಸಾಧ್ಯತೆಯೇ ಜಾಸ್ತಿ.

ನಂತರ ನ್ಯಾಕ್, ಅಂದರೆ ಕಾಲೇಜಿನ ಗುಣಮಟ್ಟ ಅಳೆದು ಗ್ರೇಡ್ ಕೊಡುವ ರಾಷ್ಟ್ರೀಯ ಮಂಡಳಿ. ಗ್ರೇಡ್ ನೋಡಿ ಸುಮ್ಮನಾಗಬೇಡಿ, ಯಾವ ವರ್ಷದ್ದು ಅಂತ ನೋಡಿ. ಸಾಮಾನ್ಯವಾಗಿ 5 ವರ್ಷಕ್ಕೆ ಅವಧಿ ಮುಗಿಯುತ್ತದೆ. ಕಾಲೇಜು ತಾನೇ ಬರೆದು ಕೊಟ್ಟ ಸ್ವಯಂ ಅಧ್ಯಯನ ವರದಿಯಲ್ಲಿ ಅಧ್ಯಾಪಕರ ಭಾಗ ತೆಗೆಯಿರಿ. ಪೂರ್ಣಾವಧಿಯವರು ಎಷ್ಟು, ಪಿಎಚ್‌ಡಿ ಆದವರು ಎಷ್ಟು ಅಂತ ಇರುತ್ತದೆ. ಅದನ್ನು ಈಗಿನ ವೆಬ್‌ಸೈಟಿನ ಅಧ್ಯಾಪಕರ ಪಟ್ಟಿ ಜೊತೆ ಹೋಲಿಸಿ. ಅರ್ಧಕ್ಕರ್ಧ ಹೆಸರು ಬದಲಾಗಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬ್ರಾಂಚಿಗೆ ಸಿಗುವಂಥದ್ದು, ಇಡೀ ಕಾಲೇಜಿಗಲ್ಲ. ನಿಮ್ಮ ಬ್ರಾಂಚಿಗೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಪಾಸ್ ಶೇಕಡಾವಾರು ಹೋಲಿಸುವಾಗ ಒಂದು ಎಚ್ಚರಿಕೆ. ಸ್ವಾಯತ್ತ ಕಾಲೇಜು ಪ್ರಶ್ನೆಪತ್ರಿಕೆಯನ್ನು ತಾನೇ ಮಾಡುತ್ತದೆ. ಸ್ವಾಯತ್ತ ಅಲ್ಲದ ಕಾಲೇಜುಗಳಿಗೆಲ್ಲ ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) ಒಂದೇ ಪತ್ರಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ಬಿಎ, ಬಿಎಸ್‌ಸಿ, ಬಿಕಾಂ ಆದರೆ

ಇಲ್ಲಿ ಕಟ್‌ಆಫ್ ಪಿಡಿಎಫ್ ಇಲ್ಲ, ಹಾಗಾಗಿ ಬಾಯಿಮಾತಿನದೇ ರಾಜ್ಯ. ಸರ್ಕಾರಿ ಕಾಲೇಜು ಅಂದರೆ ಮೂಗು ಮುರಿಯುವ ಅಭ್ಯಾಸ ಬೇರೆ. ಮಂಗಳೂರು ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನ ಚರಿತ್ರೆ 1868ಕ್ಕೆ ಹೋಗುತ್ತದೆ. ಉಡುಪಿಯ ಅಜ್ಜರಕಾಡಿನಲ್ಲಿ ಡಾ. ಜಿ. ಶಂಕರ್ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು ಇದೆ. ಸರ್ಕಾರಿ ಕಾಲೇಜಿನ ಫೀಸು ಖಾಸಗಿಯದಕ್ಕೆ ಹೋಲಿಸಿದರೆ ಏನೂ ಅಲ್ಲ. ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಅಂತ ಮಾತ್ರ ನಿಮ್ಮ ವಿಷಯದ ವಿಭಾಗಕ್ಕೇ ಹೋಗಿ ಕೇಳಿ.

ಕನ್ನಡ, ತುಳು, ಜಾನಪದದಲ್ಲಿ ಆಸಕ್ತಿ ಇದ್ದವರು ಉಡುಪಿಯ ಎಂಜಿಎಂ ಕಾಲೇಜನ್ನು ನೋಡಬಹುದು. 1949ರ ಕಾಲೇಜು. ತುಳು ನಿಘಂಟು ಸಿದ್ಧವಾದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಅದರ ಆವರಣದಲ್ಲೇ ಇದೆ. ಇಂಥದ್ದು ಯಾವ ರ‍್ಯಾಂಕಿಂಗ್‌ನಲ್ಲೂ ಕಾಣುವುದಿಲ್ಲ.

ಮನೆಯಲ್ಲಿ ಹತ್ತನೇ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಮಂಗಳೂರು ಕದ್ರಿ ಹಿಲ್ಸ್‌ನ ಸರ್ಕಾರಿ ಪಾಲಿಟೆಕ್ನಿಕ್, ನಮ್ಮ ಬಾಯಲ್ಲಿ ಕೆಪಿಟಿ, ನೆನಪಿರಲಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಕಾಲೇಜಿಗೆ ಹೋಗಿ, ಕಾರಿನಲ್ಲಿ ಬೇಡ

ಪಟ್ಟಿ ಎಂಟು ಹತ್ತಕ್ಕೆ ಇಳಿದ ಮೇಲೆ ಹೋಗಿ ನೋಡಿ. ತರಗತಿ ನಡೆಯುವ ದಿನವೇ ಹೋಗಬೇಕು. ಅಡ್ಮಿಷನ್ ಕೌಂಟರಿನವರು ಬಾಗಿಲಲ್ಲಿ ನಿಂತು ನಗುವ ದಿನ ಅಲ್ಲ. ಬಸ್ಸಿನಲ್ಲೇ ಹೋಗಿ, ಸಂಜೆ ಐದೂವರೆಯ ಬಸ್ಸಿನಲ್ಲೇ ವಾಪಸ್ ಬನ್ನಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದಲೋ ಉಡುಪಿ ಸರ್ವಿಸ್ ಬಸ್ ನಿಲ್ದಾಣದಿಂದಲೋ ಎಷ್ಟು ಹೊತ್ತು, ಎಲ್ಲಿ ಬಸ್ ಬದಲಿಸಬೇಕು, ಲ್ಯಾಬ್ ತಡವಾದರೆ ಕೊನೆಯ ಬಸ್ ಎಷ್ಟಕ್ಕೆ. ಜುಲೈ ಮಳೆಯಲ್ಲಿ ದಿನಾ ಹೋಗಿ ಬರುವುದು ಕಷ್ಟ ಅನಿಸಿದರೆ ಹಾಸ್ಟೆಲಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಗೇಟಿನ ಎದುರಿನ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಾ ಕೊನೆಯ ವರ್ಷದ ಮಕ್ಕಳನ್ನು ಮಾತಾಡಿಸಿ. ‘ಕಾಲೇಜು ಹೇಗುಂಟು?’ ಅಂದರೆ ‘ಒಳ್ಳೇದುಂಟು’ ಅನ್ನುತ್ತಾರೆ, ಪ್ರಯೋಜನ ಇಲ್ಲ. ‘ಈ ಸೆಮಿಸ್ಟರ್ ಎಷ್ಟು ಲ್ಯಾಬ್ ನಿಜವಾಗಿ ಆಯಿತು? ಪರೀಕ್ಷೆ ಫೀಸು ಬಿಟ್ಟು ಬೇರೆ ಯಾವುದಕ್ಕೆಲ್ಲ ದುಡ್ಡು ಕೇಳಿದರು? ನಿಮ್ಮ ಕ್ಲಾಸಿನ ಎಷ್ಟು ಜನ ಇಂಟರ್ನ್‌ಶಿಪ್‌ಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದರು?’ ಅಂತ ಕೇಳಿ. ಗ್ರಂಥಾಲಯಕ್ಕೆ ಬಿಟ್ಟರೆ ನಿಮ್ಮ ಬ್ರಾಂಚಿನ ನಾಲ್ಕು ಪುಸ್ತಕ ತೆಗೆದು ಹಿಂಬದಿಯ ದಿನಾಂಕದ ಚೀಟಿ ನೋಡಿ. ಕೊನೆಯ ಮೊಹರು ಮೂರು ವರ್ಷ ಹಿಂದಿನದಾದರೆ ಬೇರೆ ಏನೂ ಕೇಳಬೇಕಾಗಿಲ್ಲ.

ಈಗ ಕ್ರಮ ಹಾಕಿ

ಕೆಇಎ ಆಪ್ಷನ್‌ಗಳನ್ನು ನೀವು ಬರೆದ ಕ್ರಮದಲ್ಲಿ ಮೇಲಿನಿಂದ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಹಾಗಾಗಿ ಕಟ್‌ಆಫ್ ಕ್ರಮದಲ್ಲಿ ಬರೆಯಬೇಡಿ, ಇಷ್ಟದ ಕ್ರಮದಲ್ಲಿ ಬರೆಯಿರಿ. ಹುಡುಕಿದ ಹೊಸ ಹೆಸರುಗಳನ್ನೆಲ್ಲ ಬಾಲದಲ್ಲಿ ಸೇರಿಸುವುದೂ ಬೇಡ. ನೋಡಿ ಬಂದು ಇಷ್ಟವಾಗಿದ್ದರೆ ದೊಡ್ಡ ಹೆಸರಿನ ಕಾಲೇಜಿಗಿಂತ ಮೇಲೆಯೇ ಇಡಿ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮೊದಲಿನ ಪ್ರಾಯೋಗಿಕ ಪಟ್ಟಿ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿಗೂ ಪ್ರಯತ್ನಿಸಿ, ಬೋಧನಾ ಶುಲ್ಕ ಉಳಿಯುತ್ತದೆ.

ಸೀಟು ಹಂಚಿಕೆಯಾದಾಗ ನಾಲ್ಕು ಚಾಯ್ಸ್ ಬರುತ್ತದೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರು, ಇದನ್ನು ಬಿಟ್ಟು ಕಾಯುವುದು. ನಾಲ್ಕು, ಹೊರಗೆ ಬರುವುದು. ಹೆಚ್ಚಿನವರು ಎರಡನ್ನು ಒತ್ತುತ್ತಾರೆ. ಒತ್ತುವ ಮೊದಲು ಆ ವರ್ಷದ ಶುಲ್ಕದ ನಿಯಮ ಓದಿ. ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದು ಸಿಕ್ಕಿದರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ, ವಾಪಸ್ ಕೇಳಲು ಬರುವುದಿಲ್ಲ. ಸುಮ್ನೆ ಹೆಸರಿಗೆ ಅಂತ ಮೇಲೆ ಹಾಕಿದ ಕಾಲೇಜುಗಳಿದ್ದರೆ ಅವನ್ನು ಮುಂದಿನ ಸುತ್ತಿನೊಳಗೆ ಅಳಿಸಿಬಿಡಿ.