ಗಾಳಿ ಒಂದು ರಾತ್ರಿ, ಕರೆಂಟಿಲ್ಲದ್ದು ನಾಲ್ಕು ದಿನ

ಕುಮಟಾ ಹತ್ತಿರ, ಅಘನಾಶಿನಿ ಹೊಳೆ ಕಡಲು ಸೇರುವ ಕಡೆ ನಮ್ಮ ಮನೆ. ಹಳೇ ಹಂಚಿನ ಮನೆ. ರಾತ್ರಿ ಮಲಗಿದರೆ ತೆರೆ ಸದ್ದು ಕೇಳುತ್ತದೆ. ಟಿವಿಯಲ್ಲಿ ಚಂಡಮಾರುತ ಅಂದ ಕೂಡಲೇ ಎಲ್ಲರೂ ಗಾಳಿಗೆ ಹೆದರುತ್ತಾರೆ. ಹೆದರಬೇಕಾದ್ದೇ. ಆದರೆ ಗಾಳಿ ಬೀಸಿ ಹೋಗುವುದು ಒಂದು ರಾತ್ರಿ. ಆಮೇಲೆ ಕರೆಂಟಿಲ್ಲದೆ, ರಸ್ತೆ ಮೇಲೆ ಮರ ಬಿದ್ದು, ಮನೆಯಲ್ಲೇ ಕೂರುವ ಮೂರ್ನಾಲ್ಕು ದಿನ ಇದೆಯಲ್ಲ, ಅದಕ್ಕೆ ಯಾರೂ ತಯಾರಿರುವುದಿಲ್ಲ.

ನಾನೂ ಇರಲಿಲ್ಲ. 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ ಬಂದಾಗಿನ ಮಾತು. ಆ ಹೆಸರಿಟ್ಟಿದ್ದು ಮ್ಯಾನ್ಮಾರ್‌ನವರು, ಅವರ ಭಾಷೆಯಲ್ಲಿ ಹಲ್ಲಿ ಅಂತ ಅರ್ಥ. ಹಲ್ಲಿ ಲೊಚಗುಟ್ಟಿದ್ದಕ್ಕೇ ಶಕುನ ನೋಡುವ ನಾವು ಈ ಹಲ್ಲಿಯನ್ನು ಹಗುರ ಮಾಡಿಕೊಂಡೆವು. ಮಳೆಗಾಲಕ್ಕೆ ಇನ್ನೂ ಹದಿನೈದು ದಿನ ಇದೆ ಅಂತ ಹಂಚು ಸರಿ ಮಾಡಿಸಿರಲಿಲ್ಲ, ಕಟ್ಟಿಗೆ ಒಳಗೆ ಹಾಕಿರಲಿಲ್ಲ. ಲಾಕ್‌ಡೌನ್ ಬೇರೆ. ಗಾಳಿ ಶುರುವಾಗಿ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಬಚ್ಚಲಮನೆ ಮೇಲಿನ ಟ್ಯಾಂಕಿನಲ್ಲಿ ನೀರಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಬಾವಿ ಇದೆ, ಆದರೆ ಪಂಪ್ ಕೂರಿಸಿದ ಮೇಲೆ ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆವು. ಅದನ್ನು ಹುಡುಕಿ ತಂದು, ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿದ್ದ ಹಗ್ಗಕ್ಕೆ ಕೊಡಪಾನ ಕಟ್ಟಿ ಬಿಟ್ಟೆ. ಮೇ ತಿಂಗಳ ಬಾವಿ, ನೀರು ಆಳದಲ್ಲಿ. ತುಂಬಿದ ಕೊಡಪಾನ ಅರ್ಧ ಮೇಲೆ ಬಂದಿರಬಹುದು, ಹಗ್ಗ ಪಟ್ಟನೆ ತುಂಡಾಯಿತು. ನೆಂದು ಒಣಗಿ ಒಳಗಿಂದ ಪೂರ್ತಿ ಲಡ್ಡಾಗಿತ್ತು. ಅಮ್ಮ ಕೊಟ್ಟ ತಾಮ್ರದ ಕೊಡಪಾನ ಅದು. ಪಕ್ಕದ ಮನೆಯಿಂದ ಪಾತಾಳಗರಡಿ ತಂದು ಅರ್ಧ ತಾಸು ಬಾವಿಯೊಳಗೆ ಆಡಿಸಿದ ಮೇಲೆ ಕೊಂಡಿಗೆ ಸಿಕ್ಕಿತು. ಹೀಗಾಗಿ ನಾನು ಮೊದಲು ಹೇಳುವುದು ಇದೇ. ಏಪ್ರಿಲ್ ಮುಗಿಯುವುದರೊಳಗೆ ರಾಟೆಗೆ ಎಣ್ಣೆ ಬಿಡಿ, ಹಗ್ಗ ಜಗ್ಗಿ ನೋಡಿ. ನಮ್ಮ ಕಡಲಿನಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಮಳೆಗಾಲದ ಮುಂಚೆ ಮೇ-ಜೂನಿನಲ್ಲಿ, ಮುಗಿದ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ. 2019ರ ಕ್ಯಾರ್ ಬಂದದ್ದು ಅಕ್ಟೋಬರಿನಲ್ಲೇ. ಅದಕ್ಕೇ ದೀಪಾವಳಿ ಹೊತ್ತಿಗೆ ಇನ್ನೊಂದು ಸಲ ನೋಡಿಕೊಳ್ಳಿ.

ಗಾಳಿಯ ಸುದ್ದಿ ಬಂದ ದಿನ ಕರೆಂಟ್ ಇರುವಾಗಲೇ ಟ್ಯಾಂಕ್ ತುಂಬಿಸಿ. ಕುಡಿಯಲು, ಬಳಸಲು ಆಯಿತು, ಜೊತೆಗೆ ತುಂಬಿದ ಟ್ಯಾಂಕನ್ನು ಗಾಳಿ ಎತ್ತುವುದಿಲ್ಲ. ಖಾಲಿ ಟ್ಯಾಂಕ್ ಚೆಂಡಿನ ಹಾಗೆ ಹಾರುತ್ತದೆ. ಬಚ್ಚಲ ಹಂಡೆ, ಕೊಡಪಾನ, ಬಕೆಟ್, ಪಾಯಸದ ಪಾತ್ರೆ ಎಲ್ಲ ತುಂಬಿಡಿ. ಜಾಸ್ತಿ ಆಯಿತು ಅಂತ ಯಾರೂ ಬೈಯುವುದಿಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ನಂಬಿ ಕೂರಬೇಡಿ. ಒಣ ಚಟ್ನಿಪುಡಿ ಮಾಡಿಡಿ. ದೋಸೆಗೆ ರುಬ್ಬಿಡಬೇಡಿ, ಫ್ರಿಜ್ ಇಲ್ಲದೆ ಮರುದಿನವೇ ಹುಳಿ ಬಂದು ಉಕ್ಕುತ್ತದೆ. ಅವಲಕ್ಕಿ, ಬೆಲ್ಲ, ಕಾಯಿ ಇದ್ದರೆ ಒಲೆ ಹಚ್ಚದೆಯೂ ಒಂದು ಹೊತ್ತು ಕಳೆಯುತ್ತದೆ. ಕುಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಸಾಕು, ತಿನ್ನುವವರಿಗೆ ಒಣಮೀನು ಇದ್ದೇ ಇರುತ್ತದೆ. ಸಿಲಿಂಡರ್ ಮುಗಿಯಲು ಬಂದಿದ್ದರೆ ಎರಡು ಬುಟ್ಟಿ ಕಾಯಿಸಿಪ್ಪೆ, ಒಣ ಕಟ್ಟಿಗೆ ಒಳಗೆ ತಂದಿಡಿ. ಬಿಪಿ, ಶುಗರ್ ಮಾತ್ರೆ ಒಂದು ವಾರಕ್ಕೆ ಬೇಕಾದಷ್ಟು ತರಿಸಿ, ಘಟ್ಟದ ರಸ್ತೆ ಬಂದಾದರೆ ಔಷಧಿ ಅಂಗಡಿಗೇ ಮಾಲು ಬರುವುದಿಲ್ಲ.

ಹೊರಗಿನ ಕೆಲಸ ಬೆಳಕಿರುವಾಗಲೇ ಮುಗಿಯಬೇಕು. ಮನೆಗೆ ಬಾಗಿದ ತೆಂಗಿನ ಮರದ ಒಣ ಹೆಡೆ, ಬಲಿತ ಕಾಯಿ ಇಳಿಸಿಬಿಡಿ. ಬಿರುಗಾಳಿಗೆ ಕಾಯಿ ಬಿದ್ದರೆ ಹಂಚು ಪುಡಿ. ಕೊಟ್ಟಿಗೆಯ ತಗಡಿನ ಮೇಲೆ ಕಲ್ಲು ಹೇರುತ್ತಾರೆ, ಅದು ತಪ್ಪು. ತಗಡು ಎದ್ದರೆ ಕಲ್ಲೂ ಹಾರುತ್ತದೆ. ಗೋಣಿಚೀಲಕ್ಕೆ ಮರಳು ತುಂಬಿ, ಹಗ್ಗದಲ್ಲಿ ಜೋಡಿಸಿ ಎರಡೂ ಬದಿಗೆ ಇಳಿಬಿಡಿ. ಇಪ್ಪತ್ತು ಹಂಚು, ಒಂದು ತಾಡಪಾಲು ಒಳಗಿರಲಿ. ಗಾಳಿ ನಿಂತ ಮೇಲೆ ಹಂಚಿಗೆ ಎಲ್ಲರೂ ಒಟ್ಟಿಗೇ ಓಡುತ್ತಾರೆ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್ಕುಗಳನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ. ನಮ್ಮದು ಚಕ್ಕುಲಿ ಡಬ್ಬಿ. ಮಕ್ಕಳು ತೆಗೆದು ನೋಡಿ ಬೇಜಾರು ಮಾಡಿಕೊಳ್ಳುತ್ತವೆ, ಇರಲಿ.

ಇನ್ನೊಂದು, ಪಂಚಾಂಗ ನೋಡಿ. ತಮಾಷೆಯಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಉಬ್ಬರ ಜೋರು. ಅಂಥ ಹೊತ್ತಿನಲ್ಲಿ ಘಟ್ಟದ ಮೇಲೆ ಮಳೆ ಹೊಯ್ದರೆ ಹೊಳೆ ನೀರನ್ನು ಕಡಲು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಹೊಳೆ ಬದಿಯ ಉಪ್ಪುನೀರಿನ ಗಜನಿ ಗದ್ದೆ ದಾಟಿ ಅಂಗಳಕ್ಕೆ ಬರುತ್ತದೆ. ರೆಡ್ ಅಲರ್ಟ್ ಅಂದರೆ ಒಂದೇ ದಿನದಲ್ಲಿ 204 ಮಿಲಿಮೀಟರ್ ದಾಟುವ ಮಳೆ ಬರಬಹುದು ಅಂತ. ಬಿದ್ದ ನೀರೆಲ್ಲ ಹರಿಯದೆ ನಿಂತರೆ ಗೇಣುದ್ದ ಆಯಿತು. ದನಕರು ಇದ್ದವರು ಅಂಥ ರಾತ್ರಿ ಕಣ್ಣಿ ಬಿಗಿಯಬೇಡಿ. ನೀರು ಏರಿದರೆ ಬಿಚ್ಚಿಬಿಡಿ, ಎತ್ತರದ ಜಾಗ ಅವಕ್ಕೇ ಗೊತ್ತಿರುತ್ತದೆ.

ಗುಡ್ಡ ಕಡಿದು ಅದರ ಬುಡಕ್ಕೆ ಮನೆ ಕಟ್ಟಿದವರಿಗೆ ನನ್ನ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತಿದೆ. ಧರೆಯಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಒರತೆ ನೀರು ಒಮ್ಮೆಲೇ ಕೆಂಪಾದರೆ ಹಂಚು, ಕಟ್ಟಿಗೆ ಅಂತ ಕೂರಬೇಡಿ. ಕಾಗದಪತ್ರದ ಡಬ್ಬಿ ತಗೊಂಡು ಹಗಲಿರುವಾಗಲೇ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೋ ನೆಂಟರ ಮನೆಗೋ ಹೋಗಿ. ರಾತ್ರಿ ಹೊರಡುವುದು ಇನ್ನೂ ಅಪಾಯ.

ಕೇರಿಯ ಕೆಲಸವೂ ಇದೆ. ಯಾರ ಮನೆಯಲ್ಲಿ ಮುದುಕರು ಒಬ್ಬರೇ ಇದ್ದಾರೆ, ಯಾರಿಗೆ ದಿನ ತುಂಬಿದೆ, ಮರ ಕೊಯ್ಯುವ ಮಷಿನ್ ಯಾರ ಹತ್ತಿರ ಇದೆ ಅಂತ ಮೊದಲೇ ತಿಳಿದಿರಬೇಕು. ದಿನ ತುಂಬಿದ ಹೆಂಗಸನ್ನು ಗಾಳಿಗೆ ಮುಂಚೆಯೇ ಪೇಟೆಗೆ ಕಳಿಸಿ. ದಾರಿ ಬದಿಯ ಚರಂಡಿಯನ್ನು ನಾಲ್ಕು ಮನೆಯವರು ಸೇರಿ ಬಿಡಿಸಿದರೆ ಒಂದು ತಾಸಿನ ಕೆಲಸ. ಪಂಚಾಯ್ತಿಯವರು ಬರಲಿ ಅಂತ ಕಾದರೆ ನೀರು ಮೊದಲು ಬರುತ್ತದೆ. ಜಿಲ್ಲೆಯ ಸಹಾಯವಾಣಿ 1077, ಕರೆಂಟಿನವರದ್ದು 1912. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ, ಮೊಬೈಲ್ ಸತ್ತಾಗ ಅದರೊಳಗಿನ ನಂಬರ್ ಸಿಗುವುದಿಲ್ಲ. ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದರೆ ಎರಡನ್ನು ಚಾರ್ಜ್ ಮಾಡಿ ಆಫ್ ಮಾಡಿಡಿ. ಸೆಲ್ ಹಾಕುವ ರೇಡಿಯೋ ಇದ್ದವರು ಪುಣ್ಯವಂತರು, ಕಾರವಾರ ಆಕಾಶವಾಣಿ ಕೇಳಬಹುದು.

ನನ್ನ ಸೊಸೆ ಹುಬ್ಬಳ್ಳಿ ಕಡೆಯವಳು. ತೌಕ್ತೆ ಬಂದ ಆ ರಾತ್ರಿ, "ಅತ್ತೆ, ಒಂದು ಕಿಟಕಿ ತೆಗೆದಿಡೋಣ್ವಾ? ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗ್ಲಿ" ಅಂದಳು. ಬೇಡ ಮಗಾ ಅಂದೆ. ಒಳಗೆ ಹೊಕ್ಕ ಗಾಳಿ ಹಂಚಿನ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಎಲ್ಲ ಬಾಗಿಲು, ಕಿಟಕಿ ಹಾಕಿ, ಹಂಚಿನ ಕೆಳಗೆ ಬಿಟ್ಟು ಅಟ್ಟ ಇರುವ ಒಳಕೋಣೆಯಲ್ಲಿ ಮಲಗಿ. ಜೋರು ಗಾಳಿ ಒಮ್ಮೆಲೇ ನಿಂತರೂ ಹೊರಗೆ ಹೋಗಬೇಡಿ. ಚಂಡಮಾರುತದ ನಡುಭಾಗ ಮೇಲೆಯೇ ಹಾಯುವಾಗ ಹಾಗೆ ನಿಂತು, ಆಮೇಲೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ.

ಬೆಳಗಾದ ಮೇಲೆ ಅಂಗಳಕ್ಕೆ ಇಳಿಯುವ ಮುಂಚೆ ಬಿದ್ದ ತಂತಿ ಇದೆಯಾ ನೋಡಿ. ಇದ್ದರೆ ಹತ್ತಿರ ಸುಳಿಯಬೇಡಿ, ಕೋಲಿನಿಂದಲೂ ಮುಟ್ಟಬೇಡಿ. ಕಾಲಲ್ಲಿ ಗಾಯ ಇದ್ದವರು ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೇ. ಬಾವಿಗೆ ಹೊರಗಿನ ನೀರು ನುಗ್ಗಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುಡಿಯುವ ನೀರು ಕೊತಕೊತ ಕುದಿಸಿ. ಹಂಚು ಹತ್ತುವ ಗಡಿಬಿಡಿ ಬೇಡ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಎಂಥವರ ಕಾಲೂ ನಿಲ್ಲುವುದಿಲ್ಲ. ಎರಡು ಬಿಸಿಲು ಬೀಳುವವರೆಗೆ ತಾಡಪಾಲು ಹೊದಿಸಿ, ಸೋರುವ ಕಡೆ ಕೆಳಗೊಂದು ಬಕೆಟ್ ಇಡಿ.