ಕೋಳಿ ಕಾವಿಗೆ ಕೂತ 21 ದಿನ

ನಮ್ಮ ಕೆಂದ ಕೋಳಿ ಎರಡು ದಿನದಿಂದ ಬುಟ್ಟಿ ಬಿಟ್ಟು ಏಳಲಿಲ್ಲ. ಹತ್ತಿರ ಹೋದರೆ ಗರಿ ಉಬ್ಬಿಸಿಕೊಂಡು ಗುರ್ ಅನ್ನುತ್ತಿತ್ತು. "ಅಮ್ಮಾ, ಕೋಳಿಗೆ ಹುಷಾರಿಲ್ಲ" ಅಂತ ಮಗಳು ಓಡಿ ಬಂದಳು. ಆ ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯ್ತು, ಅದಕ್ಕೆ ಕಾವು ಬಂದಿದೆ, ಮೊಟ್ಟೆಯ ಮೇಲೆ ಕೂತು ಮರಿ ಮಾಡುವ ಹಂಬಲ. ತೋಟದ ಮನೆಯಲ್ಲಿ ಅಜ್ಜಿಯ ಸೆರಗು ಹಿಡಿದು ಕೋಳಿಗಳ ಹಿಂದೆ ಸುತ್ತಿದವಳು ನಾನು. ಆದರೆ ನಾನೇ ಮೊಟ್ಟೆ ಇಟ್ಟು ಕೂರಿಸಿದ್ದು ಇದೇ ಮೊದಲು.

ಹುಂಜ ಇರುವ ಗುಂಪಿನ ಮೊಟ್ಟೆಯೇ ಆಗಬೇಕು, ಇಲ್ಲದಿದ್ದರೆ ಎಷ್ಟು ಕಾವು ಕೊಟ್ಟರೂ ಮರಿ ಆಗುವುದಿಲ್ಲ. ನಮ್ಮಲ್ಲಿ ಹುಂಜ ಇತ್ತು. ಒಂದು ವಾರದೊಳಗಿನ ಮೊಟ್ಟೆಗಳಲ್ಲಿ 10 ಆರಿಸಿದೆ. ಬಿರುಕು ಬಿಟ್ಟಿದ್ದು, ತೀರಾ ಕೊಳೆಯಾಗಿದ್ದು ಬೇಡ ಅಂದೆ. ಮಗಳು ತೊಳೆಯಲು ಹೊರಟಿದ್ದಳು, ತಡೆದೆ. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಅದು ಹೋದರೆ ಕೊಳಕು ಒಳಗೆ ಇಳಿಯುತ್ತದೆ. ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಬೇರೆ ಕೋಳಿಗಳು ಸುಮ್ನೆ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಹೊಸದನ್ನು ಆಗಾಗ ತೆಗೆಯದಿದ್ದರೆ ಒಂದೊಂದು ಒಂದೊಂದು ದಿನಕ್ಕೆ ಬಲಿತು ಲೆಕ್ಕ ತಪ್ಪುತ್ತದೆ.

ಕತ್ತಲಾದ ಮೇಲೆ ಕೋಳಿಯನ್ನು ಎತ್ತಿ, ಒಣಹುಲ್ಲು ಹಾಸಿದ ಇನ್ನೊಂದು ಬುಟ್ಟಿಗೆ ಬಿಟ್ಟೆ. ಹಗಲಲ್ಲಿ ಜಾಗ ಬದಲಿಸಿದರೆ ಎದ್ದು ಹಳೇ ಜಾಗಕ್ಕೇ ಓಡುತ್ತದೆ. ಕೈಗೆ ಎರಡು ಸಲ ಚೆನ್ನಾಗಿ ಕುಕ್ಕಿಸಿಕೊಂಡೆ.

ಆಮೇಲೆ ನಮಗೆ ಜಾಸ್ತಿ ಕೆಲಸವೇ ಇಲ್ಲ. ಮೊಟ್ಟೆ ಹೊರಳಿಸುವುದು, ಅಂಚಿನಲ್ಲಿರುವುದನ್ನು ನಡುವಿಗೆ ಎಳೆದುಕೊಳ್ಳುವುದು ಎಲ್ಲ ಅದೇ ಮಾಡಿಕೊಳ್ಳುತ್ತದೆ. ದಿನಕ್ಕೆ ಒಂದು ಸಲ ಎದ್ದು ಬಂದು ಕಾಳು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಾಡಿ, ಸುಮಾರು ಇಪ್ಪತ್ತು ನಿಮಿಷದಲ್ಲಿ ವಾಪಸ್. ಅಷ್ಟು ಹೊತ್ತಿಗೆ ಮೊಟ್ಟೆ ತಣ್ಣಗಾಗಿ ಕೆಡುವುದಿಲ್ಲ.

ಏಳನೇ ರಾತ್ರಿ ಮೊಟ್ಟೆ ನೋಡಿದೆವು. ಅಜ್ಜಿ ಇದನ್ನು ಕತ್ತಲೆ ಕೋಣೆಯಲ್ಲಿ, ಬಾಗಿಲ ಸಂದಿಯಿಂದ ಬರುವ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ನಾವು ಮೊಬೈಲ್ ಟಾರ್ಚಿನ ಮೇಲೆ ಇಟ್ಟೆವು. ಜೇಡ ಕಾಲು ಚಾಚಿದ ಹಾಗೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. "ಅಮ್ಮಾ, ಅದು ಅಲ್ಲಾಡ್ತು!" ಅಂದಳು ಮಗಳು. ನಿಜವಾಗಿಯೂ ಅಲ್ಲಾಡಿತ್ತು. ಎರಡು ಮೊಟ್ಟೆ ಬರೀ ಹಳದಿಯಾಗಿ ತಿಳಿಯಾಗಿದ್ದವು, ಗೊಡ್ಡು. ಅವನ್ನು ತೆಗೆದೆ. ಉಳಿದದ್ದು 8.

ಇಪ್ಪತ್ತನೇ ದಿನ ಸಂಜೆ ಮೊಟ್ಟೆಯ ಒಳಗಿಂದಲೇ ಚಿಂವ್ ಚಿಂವ್ ಕೇಳಿತು. ಕೋಳಿಯೂ ಮೆಲ್ಲಗೆ ಲೊಕ್ ಲೊಕ್ ಅಂತ ಉತ್ತರ ಕೊಡುತ್ತಿತ್ತು. ಮರುದಿನ ಬೆಳಿಗ್ಗೆಯಿಂದ ಚಿಪ್ಪುಗಳು ಒಡೆಯತೊಡಗಿದವು. ಮಧ್ಯಾಹ್ನದ ಹೊತ್ತಿಗೆ 6 ಮರಿ. ಏಳನೆಯದು ಮಾತ್ರ ಚಿಪ್ಪಿನಲ್ಲಿ ಒಂದು ಸಣ್ಣ ತೂತು ಮಾಡಿ ಸುಮ್ಮನಾಗಿಬಿಟ್ಟಿತು.

ಇಂಥದೇ ಒಂದು ತೂತು ನಾನು ಏಳು ವರ್ಷದವಳಿದ್ದಾಗ ನೋಡಿದ್ದೆ. ಪಾಪ, ಸಹಾಯ ಮಾಡೋಣ ಅಂತ ಉಗುರಿನಿಂದ ಚಿಪ್ಪು ಸುಲಿದೆ. ಒಳಪೊರೆಯಿಂದ ರಕ್ತ ಬಂತು. ಸಂಜೆಯೊಳಗೆ ಮರಿ ಸತ್ತಿತು. ಅಜ್ಜಿ ಬೈಯಲಿಲ್ಲ. "ಅದು ಒಳಗೆ ಇನ್ನೂ ಕೆಲ್ಸ ಮಾಡ್ತಾ ಇತ್ತು ಕಣೇ" ಅಂದಳು ಅಷ್ಟೆ. ಕೆಲಸ ಏನು ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ತೂತು ಮಾಡಿದ ಮೇಲೆ ಮರಿ ಪೊರೆಯ ನರಗಳಲ್ಲಿರುವ ರಕ್ತವನ್ನೂ, ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಒಂದು ಇಡೀ ದಿನ ಹಿಡಿದರೂ ಹಿಡಿಯಬಹುದು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಸುಮ್ಮನಿರಲಿಲ್ಲ. ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ. ಮಗಳು ಬುಟ್ಟಿಯ ಮುಂದೆ ಚಾಪೆ ಹಾಸಿಕೊಂಡು ಕಾದಳು, ಅಲ್ಲೇ ನಿದ್ದೆ ಹೋದಳು. ಬೆಳಿಗ್ಗೆ ನೋಡಿದರೆ ಕೋಳಿಯ ರೆಕ್ಕೆಯ ಸಂದಿಯಿಂದ ಏಳನೇ ತಲೆ ಇಣುಕುತ್ತಿತ್ತು. ಮೈ ಒಣಗಿ ಮೆತ್ತಗೆ ಉಬ್ಬಿತ್ತು. ಯಾವಾಗ ಹೊರಬಂತೋ ನಾವಿಬ್ಬರೂ ನೋಡಲಿಲ್ಲ.

ಒಳಗೆ ಸೇರಿದ ಹಳದಿಯ ಬಲದಲ್ಲಿ ಮರಿಗಳು ಎರಡು ದಿನ ಏನೂ ತಿನ್ನದೆ ಇರಬಲ್ಲವು. ಹಾಗಾಗಿ ಅವಸರ ಮಾಡಲಿಲ್ಲ. ಕೋಳಿ ತಾನಾಗಿ ಎದ್ದು ಬಂದ ಮೇಲೆ ನುಣ್ಣಗಿನ ನುಚ್ಚು ಹಾಕಿದೆ. ನೀರನ್ನು ತಟ್ಟೆಯಲ್ಲಿಟ್ಟು ಒಳಗೆ ಬೆಣಚುಕಲ್ಲು ತುಂಬಿಸಿದೆ. ಆಳ ಇದ್ದರೆ ಮರಿ ಬಿದ್ದು ಮುಳುಗುತ್ತದೆ.

ಎಂಟನೇ ಮೊಟ್ಟೆ ಒಡೆಯಲೇ ಇಲ್ಲ. ಒಡೆದು ಒಳಗೇನಿದೆ ನೋಡೋಣ ಅಂತ ಮಗಳ ಹಟ. ಕೊಳೆತ ಮೊಟ್ಟೆಯ ವಾಸನೆ ಅವಳಿಗೆ ಗೊತ್ತಿಲ್ಲ, ಅಲ್ವಾ? ಮೆಲ್ಲಗೆ ಎತ್ತಿಕೊಂಡು ಹೋಗಿ, ಅವಳ ಕೈಯಿಂದಲೇ ಗುಂಡಿ ತೋಡಿಸಿ ಹೂತೆವು.